ನಿನ್ನ ಒಸಡಿನ ಮೇಲೆ ಹೊರಿಸಿದ ತಪ್ಪು

ಕಲಾವತಿ, ಕೇಸ್ ನಿಲ್ಲುವುದಿಲ್ಲವೆಂದು ಬೀದರಿನ ವಕೀಲರು ಹೇಳಿರಲಿಲ್ಲ. ನಿಲ್ಲುತ್ತದೆ ಎಂದೇ ಹೇಳಿದ್ದರು. ಸುಳ್ಳು ಹೇಳಿದವನು ನಾನು—ನಿನ್ನ ಗಂಡ.

ಆಗ ಮಗಳ ಮದುವೆಯಾಗಿ ಇನ್ನೂ ಹೊಸದು. ಔರಾದಿನ ಬೀಗರ ಹಿರಿಯ ಮಗ, ಅಂದರೆ ಅಳಿಯನ ಅಣ್ಣ, ಬೀದರಿನಲ್ಲಿ ಹಲ್ಲಿನ ಡಾಕ್ಟರ್. ನಿನ್ನ ದವಡೆ ಹಲ್ಲು ಬಿದ್ದಾಗ ನಮ್ಮ ಭಾಲ್ಕಿಯಲ್ಲೇನು ಡಾಕ್ಟರಿರಲಿಲ್ಲವೇ? ಇದ್ದರು. ಹೊರಗೆ ತೋರಿಸಿದರೆ ಬೀಗರು ಮುಖ ಊದಿಸಿಕೊಳ್ಳುತ್ತಾರೆಂದು ನಾನೇ ನಿನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದೆ. ಆತ ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನು ತೇಯ್ದು, ಅವುಗಳ ಮೇಲೆ ಕಟ್ಟುಹಲ್ಲಿನ ಬ್ರಿಜ್ ಕೂರಿಸಿದ. ಅಂದಿನಿಂದ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಕೂಡಲಿಲ್ಲ. ರೊಟ್ಟಿ ಕಡಿದರೆ ಕಣ್ಣಲ್ಲಿ ನೀರು. ಮತ್ತೆ ಮತ್ತೆ ಹೋದೆವು, ಪ್ರತಿ ಸಲ ಚೂರು ಉಜ್ಜಿ ಅದೇ ಮಾತು—"ರೂಢಿ ಆಗ್ತದ್ರಿ ಅತ್ತಿ." ರೂಢಿಯಾಗಲು ಅದೇನು ಹೊಸ ಚಪ್ಪಲಿಯೇ!

ಇನ್ನೊಬ್ಬ ಡಾಕ್ಟರ್ ನೋಡಿ, ಕೆಲಸ ಕೆಟ್ಟಿದೆ ಎಂದು ಬರೆದುಕೊಟ್ಟರು. ನೀನು ಹಟ ಹಿಡಿದೆ: "ಬೀಗರಾದ್ರ ಏನಾಯ್ತುರಿ, ನೋವು ನಂದಲ್ಲೇನು? ವಕೀಲರಿಗಿ ಕೇಳ್ಕೊಂಡು ಬರ್ರಿ."

ಹೋದೆ. ಗಾಂಧಿ ಗಂಜದ ಹತ್ತಿರದ ಕಚೇರಿಯಲ್ಲಿ ವಕೀಲರು ಕಾಗದ ಓದಿ, "ಡಾಕ್ಟರದೇ ತಪ್ಪದ್ರಿ, ಹಾಕೋಣ" ಎಂದರು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಕಣ್ಣ ಮುಂದೆ ಬಂದದ್ದು ಔರಾದಿನ ಪಡಸಾಲೆ—ತಲೆ ತಗ್ಗಿಸಿ ನಿಂತ ಮಗಳು, ಅವಳ ಅತ್ತೆಯ ಚುಚ್ಚುಮಾತು... ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಸುಳ್ಳು ಹೊಂದಿಸಿದೆ. ಮನೆಗೆ ಬಂದು ಹೇಳಿದೆ: "ಕೇಸ್ ನಿಲ್ಲಂಗಿಲ್ಲಂತ. ನಿನ್ನ ಒಸಡೇ ಮೆತ್ತಗ ಅದಾವಂತ."

ಒಸಡಿನ ಮಾತು ಯಾಕೆ ಸೇರಿಸಿದೆ? ಬರೀ ನಿಲ್ಲುವುದಿಲ್ಲ ಎಂದಿದ್ದರೆ ನೀನು ಬೇರೆ ವಕೀಲರನ್ನು ಹುಡುಕುತ್ತಿದ್ದೆ. ತಪ್ಪು ನಿನ್ನದೇ ಎಂದರೆ ಸುಮ್ಮನಾಗುತ್ತೀ—ಇಷ್ಟು ವರ್ಷ ಸಂಸಾರ ಮಾಡಿ ನಾನು ಕಲಿತದ್ದು ಇದನ್ನೇ. ನೀನು ಸುಮ್ಮನಾದೆ. ಆಮೇಲೆ ದೂರು ಕೊಡುವ ಅವಧಿ ಮುಗಿಯಲಿ ಎಂದು ನಾನು ಒಳಗೊಳಗೇ ಕಾದೆ. ಮುಗಿದಾಗ ಹಗುರಾಯಿತು—ಅದನ್ನೂ ಹೇಳಿಬಿಡುತ್ತೇನೆ. ಮಗಳ ಸಂಸಾರ ಉಳಿಸಿದೆ ಎಂದುಕೊಂಡೆನಲ್ಲ, ಅವಳನ್ನಾದರೂ ಒಂದು ಮಾತು ಕೇಳಿದೆನೇ?

ಮೊನ್ನೆ ಎಳ್ಳ ಅಮಾವಾಸ್ಯೆಗೆ ಸಾಯಗಾಂವದ ನಮ್ಮ ಹೊಲಕ್ಕೆ ಬೀಗರೆಲ್ಲ ಊಟಕ್ಕೆ ಬಂದಿದ್ದರು. ಡಾಕ್ಟರ್ ಸಜ್ಜೆ ರೊಟ್ಟಿಯನ್ನು ಕಟುಕಟು ಕಡಿದು ತಿನ್ನುತ್ತಿದ್ದ. ನೀನು ನಿನ್ನ ರೊಟ್ಟಿಯನ್ನು ಕಾಳು, ಸೊಪ್ಪು ಹಾಕಿ ಕುದಿಸಿದ ಭಜ್ಜಿಯಲ್ಲಿ ಮುರಿದು ಹಾಕಿ, ನೆನೆಯಲಿ ಎಂದು ಕಾಯುತ್ತಿದ್ದೆ. ಆತ ನೋಡಿ, "ಇನ್ನಾ ತ್ರಾಸ ಅದೇನ್ರಿ ಅತ್ತಿ?" ಎಂದ. ನೀನು ನಾಚಿಕೊಂಡೆ.

"ನನ್ನ ಒಸಡೇ ಸರಿ ಇಲ್ರಿ. ಸುಮ್ಮ ನಿಮಗ ತಪ್ಪು ಹಚ್ಚಿದೆ. ಮನಸ್ಸಿನಾಗ ಇಟ್ಕೋಬ್ಯಾಡ್ರಿ."

ಅಷ್ಟು ಜನರೆದುರು ನೀನು ಕೈ ಮುಗಿದೆ. ಆತ "ಇರ್ಲಿ ಬಿಡ್ರಿ" ಎಂದು ನಿನ್ನನ್ನು ಕ್ಷಮಿಸಿದ. ಕ್ಷಮಿಸಿದ—ಆತ, ನಿನ್ನನ್ನು! ನಾನು ಪಕ್ಕದಲ್ಲೇ ಕೂತು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ನನ್ನ ಮೇಲೆ ನನಗೇ ಹೇಸಿಕೆ ಬಂದಿದೆ. ಕೇಸಿನ ಕಾಲವಂತೂ ಹೋಯಿತು. ಅದನ್ನು ನಾನು ತಿರುಗಿ ತರಲಾರೆ. ಭಾನುವಾರ ಔರಾದಿಗೆ ಹೋಗುತ್ತೇನೆ. ನೀನು ಕೈ ಮುಗಿದದ್ದನ್ನು ನೋಡಿದವರೆಲ್ಲರ ಮುಂದೆ, ಮಗಳ ಮುಂದೆಯೂ, ವಕೀಲರು ನಿಜವಾಗಿ ಏನು ಹೇಳಿದ್ದರೆಂದು ಹೇಳುತ್ತೇನೆ. ನೀನೂ ಜೊತೆಗೆ ಬಾ ಎಂದು ಕರೆಯುವ ಮುಖ ನನಗಿಲ್ಲ.