ಬನಶಂಕರಿ ದೊಡ್ಡಮ್ಮನ ಕಣ್ಣಿಗೆ ಬಂದ ಮಬ್ಬು

ನಮ್ಮ ದೊಡ್ಡಮ್ಮ ಬನಶಂಕರಿಯ ತವರು ಕಲ್ಯಾಣದುರ್ಗ. ಮದುವೆಯಾಗಿ ಹಿಂದೂಪುರಕ್ಕೆ ಬಂದಾಗಿನಿಂದ ಮಗ್ಗದವರಿಗೆ ರೇಷ್ಮೆಯ ಬಣ್ಣ ಹೊಂದಿಸಿಕೊಡುವುದೇ ಅವಳ ಕೆಲಸ. ಸೀರೆಯ ಒಡಲಿಗೆ ಯಾವ ನೂಲಿನ ಲಡಿ, ಅಂಚಿಗೆ ಯಾವ ಲಡಿ ಎಂದು ಅವಳು ಹೇಳಿದರೆ ಮುಗಿಯಿತು, ಮಾಲೀಕರೂ ಎರಡನೇ ಮಾತಾಡುತ್ತಿರಲಿಲ್ಲ. ತವರಿನಲ್ಲಿ ಅವಳಪ್ಪ ಎಳೆಬಿಸಿಲಿಗೆ ಲಡಿಗಳನ್ನು ಅಂಗಳದ ತುಂಬ ತೂಗುಹಾಕುತ್ತಿದ್ದರಂತೆ. ಇವಳು ಕಣ್ಣು ಅರೆಮುಚ್ಚಿ ಅವುಗಳ ನಡುವೆ ನಡೆಯುತ್ತಿದ್ದಳಂತೆ, ಒಂದು ಹೆಜ್ಜೆ ಹಸಿರಲ್ಲಿ, ಒಂದು ಹೆಜ್ಜೆ ಕೆಂಪಲ್ಲಿ. ಈಗಲೂ ಲಡಿ ಮುಟ್ಟಿದರೆ ಸಾಕು, ಅವಳ ಮನಸ್ಸು ಆ ಅಂಗಳಕ್ಕೆ ಹೋಗಿಬಿಡುತ್ತದೆ.

ದೀಪ ಹಚ್ಚಿದ ಮೇಲೆ ಬಣ್ಣ ನೋಡಬಾರದು ಎಂಬುದು ನಮ್ಮ ಮನೆತನದ ಕಟ್ಟಳೆ. ಅದನ್ನು ಮುರಿಸಿದ ಪುಣ್ಯಾತ್ಮ ನಾನೇ, ಚೌಡೇಶ, ಕರೆಂಟು ಕೆಲಸದವನು. ಮಗ್ಗದ ಶೆಡ್ಡಿಗೆ ಕಿಟಕಿಯಿಲ್ಲವೆಂದು ಮಾಲೀಕ ಆನಂದಕುಮಾರ್ ನನ್ನ ಕೈಲಿ ಹೊಸ ಲೈಟು ಹಾಕಿಸಿದರು. ಹೊತ್ತು ನೋಡಿಕೊಂಡು ತಾನೇ ಬದಲಾಗುವ ಲೈಟು, ಮಧ್ಯಾಹ್ನ ಬೆಳ್ಳಗೆ, ಸಂಜೆಗೆ ಕೇಸರಿ. ಸಂಜೆ ಬಣ್ಣ ನೋಡಬೇಕೆಂದರೆ ಗೋಡೆಯ ಗುಂಡಿ ಒತ್ತು, ಮತ್ತೆ ಮಧ್ಯಾಹ್ನ ಬರುತ್ತದೆ ಎಂದು ದೊಡ್ಡಮ್ಮನಿಗೆ ಜಂಬದಿಂದ ತೋರಿಸಿದ್ದೆ. ಆರ್ಡರು ಜಾಸ್ತಿಯಿತ್ತು. ಅವಳೂ ಸಂಜೆ ಕೂರತೊಡಗಿದಳು.

ಮೂರು ತಿಂಗಳಲ್ಲಿ ಮೂರು ಸೀರೆ ಕೆಟ್ಟವು. ಗಿಳಿಹಸಿರಿನ ಜೊತೆ ಬೇರೆ ಹಸಿರು ಸೇರಿಹೋಗಿತ್ತು. ಮಾಲೀಕರು ಬಯ್ಯಲಿಲ್ಲ, ತೆಲುಗಿನಲ್ಲಿ ‘ಪರವಾಲೇದಮ್ಮಾ’, ಪರವಾಗಿಲ್ಲ ಬಿಡು ಎಂದರು. ಅದೇ ಅವಳಿಗೆ ಚುಚ್ಚಿತು. ಕಣ್ಣು ಹೋಗುತ್ತಿದೆ ಎಂದುಕೊಂಡಳು, ಡಾಕ್ಟರ ಹತ್ತಿರ ಹೋಗಲು ಹೆದರಿದಳು. ದಿನಾ ಬೆಳಿಗ್ಗೆ ಮೊಮ್ಮಗಳು ಯಶೋದಾಳನ್ನು ಹೊಸ್ತಿಲ ಬಳಿ ಕೂರಿಸಿಕೊಂಡು ಸುಮ್ಮನೆ ನೋಡುತ್ತಿದ್ದಳು. ಮುದ್ದು ಅತಿಯಾಯಿತೆಂದು ನಾನು ರೇಗಿಸುತ್ತಿದ್ದೆ, ಮುಠ್ಠಾಳ! ಸೋಮವಾರದಿಂದ ಬರುವುದಿಲ್ಲ, ಕಲ್ಯಾಣದುರ್ಗಕ್ಕೆ ತಮ್ಮನ ಮನೆಗೆ ಹೋಗುತ್ತೇನೆ ಎಂದು ಮಾಲೀಕರಿಗೆ ಹೇಳಿಯೂಬಿಟ್ಟಳು.

ಶನಿವಾರ ಸಂಜೆ ಕೊನೆಯ ಸಲ ಲಡಿ ಹಿಡಿದು ಕೂತಳು. ನಾನೂ ಜೊತೆಗೆ ಕೂತೆ. ಗುಂಡಿ ಒತ್ತಿದಳು, ಶೆಡ್ಡಿನಲ್ಲಿ ಮಧ್ಯಾಹ್ನವಾಯಿತು. ಮಗ್ಗಗಳು ನಿಂತಿದ್ದವು. ಅವಳು ತವರಿನ ಅಂಗಳದ ಮಾತು ಹೇಳುತ್ತಾ ಹೋದಳು, ನನಗೆ ಜೊಂಪು ಹತ್ತಿತು. ಹಾಗೇ ಒಂದು ಗಂಟೆ ಕಳೆದಿರಬೇಕು. ಅವಳ ಕೈ ನಿಂತಿತು.

“ಬಂತು ನೋಡ್ಲಾ ಚೌಡೇಶ, ಮಬ್ಬು. ದಿನಾ ಹಿಂಗೇ ಬಂದ್ಬುಡ್ತದೆ. ಆಮೇಲೆ ಅಂದಾಜಲ್ಲೇ ಆರಿಸ್ತೀನಿ.”

ನನಗೆ ಏನೂ ಕಾಣಲಿಲ್ಲ. ಫೋನಿನಲ್ಲಿ ಲೈಟಿನ ಸೆಟ್ಟಿಂಗು ತೆಗೆದು ನೋಡಿದೆ. ಗುಂಡಿ ಒತ್ತಿದ ಒಂದು ಗಂಟೆಗೆ ಲೈಟು ತನ್ನ ಸಂಜೆಯ ಕೇಸರಿಗೆ ತಾನೇ ಮರಳಬೇಕು, ಅದೂ ಯಾರಿಗೂ ಗೊತ್ತಾಗದಷ್ಟು ನಿಧಾನವಾಗಿ ಎಂದು ಇಟ್ಟವನು ನಾನೇ. ಮರೆತೂಬಿಟ್ಟಿದ್ದೆ. ಅದು ಮರಳಲು ಶುರುವಾಗಿ ಇನ್ನೂ ಒಂದೇ ನಿಮಿಷವಾಗಿತ್ತು. ಯಾರ ಕಣ್ಣಿಗೂ ಬೀಳದ್ದು ಅವಳ ಕಣ್ಣಿಗೆ ಬಿದ್ದಿತ್ತು.

“ಕೆಟ್ಟಿದ್ದು ನಿನ್ ಕಣ್ಣಲ್ಲ ಕಣಮ್ಮ, ನನ್ ಲೈಟು,” ಎಂದು ಕಾಲು ಹಿಡಿದುಕೊಂಡೆ.

ಎರಡು ಏಟು ಹಾಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಹಾಕಲಿಲ್ಲ. ಮಡಿಲ ಲಡಿಗಳನ್ನು ಸವರಿ ಪಕ್ಕಕ್ಕಿಟ್ಟಳು.

“ಯಶೋದನ ಮೊಕ ಬಾಯಿಪಾಠ ಮಾಡ್ಕೊಂತಿದ್ದೆ ಕಣ್ಲಾ,” ಅಂದಳು. “ಕಣ್ಣು ಹೋದ್ಮೇಲೂ ಇರ್ಲಿ ಅಂತ.”