ಕೃಷ್ಣಾನಂದರ ಸ್ಟೀಲ್ ಚೈನು

ಕೊಚ್ಚಿಯ ನಮ್ಮ ಬ್ಯಾಂಕಿನಲ್ಲಿದ್ದಾಗ ಪುತ್ತೂರಿನ ಕೃಷ್ಣಾನಂದರು ಯಾರ ಮುಖವನ್ನೂ ಮೊದಲು ನೋಡಿದ್ದನ್ನು ನಾನು ಕಂಡಿಲ್ಲ. ಅವರ ಕಣ್ಣು ನೇರ ಮಣಿಕಟ್ಟಿಗೆ ಹೋಗುತ್ತಿತ್ತು. ಹಡಗಿನವನೊಬ್ಬನಿಂದ ಕೊಂಡ ಸ್ವಿಸ್ ವಾಚು ಅವರಲ್ಲಿತ್ತು, ಸಮುದ್ರದೊಳಗೆ ಮುಳುಗುವವರಿಗೆಂದೇ ಮಾಡಿದ್ದು. ಮುಳುಗುವುದಿರಲಿ, ಎರ್ನಾಕುಲಂ ಬೋಟಿನಲ್ಲಿ ನಾಲ್ಕು ಹನಿ ಸಿಡಿದರೂ ಅದಕ್ಕೆ ಕರವಸ್ತ್ರ ಸುತ್ತುತ್ತಿದ್ದರು. ವಾಚಿಗಿಂತ ಅದರ ಸ್ಟೀಲ್ ಚೈನಿನ ಮೇಲೆ ಅವರಿಗೆ ಹೆಚ್ಚು ಅಭಿಮಾನ. ಬೇರೆಯವರ ಚೈನನ್ನು ಕಿವಿಯ ಹತ್ತಿರ ಅಲುಗಾಡಿಸಿ, ತಗಡು ಎಂದು ಹೇಳಿ ವಾಪಸು ಕೊಡುವುದು ಅವರ ರೂಢಿ. ನನ್ನ ಚರ್ಮದ ಪಟ್ಟಿಗೆ ಆ ಮರ್ಯಾದೆಯೂ ಸಿಗಲಿಲ್ಲ.

೧೯೭೦ರ ಹೊತ್ತಿಗೆ ನಮ್ಮಿಬ್ಬರಿಗೂ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿ ತುಂಬದ ರಾಕೆಟ್ ಕೇಂದ್ರದಲ್ಲಿ ಇಂಜಿನಿಯರಾಗಿದ್ದ ಮೈಸೂರಿನ ಶ್ರೀಕಂಠನ ಪರಿಚಯವಾಯಿತು. ಫ್ರಾನ್ಸಿನಲ್ಲಿ ತರಬೇತಿ ಮುಗಿಸಿ ಬಂದಿದ್ದ ಆತನ ಕೈಯಲ್ಲೂ ಅಂಥದೇ ದುಬಾರಿ ವಾಚು. ಕೃಷ್ಣಾನಂದರಿಗೆ ನಿದ್ದೆ ಕೆಟ್ಟಿತು.

ಒಂದು ಭಾನುವಾರ ಎಲ್ಲರೂ ಸಂಸಾರ ಸಮೇತ ವಿಳಿಂಜಂ ಕಡಲತೀರಕ್ಕೆ ಹೋದೆವು. ಊಟವಾದ ಮೇಲೆ ಬಂಡೆಯ ಮೇಲೆ ಕೂತು ಕೃಷ್ಣಾನಂದರು ಶ್ರೀಕಂಠನ ಕೈಯನ್ನು ತಮ್ಮ ಕೈಯ ಪಕ್ಕ ಇಟ್ಟುಕೊಂಡು ಪಾಠ ಶುರುಮಾಡಿದರು. ತಮ್ಮದು ಗಟ್ಟಿ ಕೊಂಡಿ, ಅವನದು ಮಡಚಿದ ತಗಡು. ಅವನದು ಕೈಯ ರೋಮ ಕೀಳುತ್ತದೆ, ತಮ್ಮದು ರೇಷ್ಮೆಯ ಹಾಗೆ ಕೂರುತ್ತದೆ. ತಮ್ಮ ಕ್ಲಿಪ್ಪಿಗೆ ಎರಡು ಲಾಕು, ಏನೇ ಆದರೂ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಶ್ರೀಕಂಠ ನಗುತ್ತ ಹೂಂಗುಟ್ಟುತ್ತಿದ್ದ.

ಅಷ್ಟರಲ್ಲಿ ಕೆಳಗಿನ ಪಾಚಿಗಲ್ಲಿನ ಮೇಲೆ ಪಾತ್ರೆ ತೊಳೆಯುತ್ತಿದ್ದ ಕೃಷ್ಣಾನಂದರ ಹೆಂಡತಿ ರತ್ನಕ್ಕನನ್ನು ಅಲೆಯೊಂದು ಎಳೆದುಕೊಂಡಿತು. ಕುತ್ತಿಗೆವರೆಗಿನ ನೀರಿನಲ್ಲಿ ಬಂಡೆಯ ಬಿರುಕು ಹಿಡಿದುಕೊಂಡು ಅವರು ಕೂಗಿದರು: "ಕೈ ಕೊಡಿ."

ಕೃಷ್ಣಾನಂದರೇ ಎಲ್ಲರಿಗಿಂತ ಮೊದಲು ಅಲ್ಲಿಗೆ ತಲುಪಿದರು. ಬಾಗಿದರು. ಬಾಗಿ, ವಾಚು ಬಿಚ್ಚತೊಡಗಿದರು. ಮೊದಲ ಲಾಕು ಬಿಟ್ಟಿತು, ಎರಡನೆಯದು ಒದ್ದೆ ಬೆರಳಿಗೆ ಬಗ್ಗಲಿಲ್ಲ. ಇನ್ನೊಂದು ಅಲೆ ರತ್ನಕ್ಕನ ತಲೆಯ ಮೇಲೆ ಹಾದುಹೋಯಿತು. ಶ್ರೀಕಂಠ ಕೃಷ್ಣಾನಂದರನ್ನು ಪಕ್ಕಕ್ಕೆ ತಳ್ಳಿ, ವಾಚಿನ ಸಮೇತ ನೀರಿಗೆ ಧುಮುಕಿದ. ಬಲೆ ಒಣಗಿಸುತ್ತಿದ್ದ ಮೀನುಗಾರನೊಬ್ಬ ಓಡಿಬಂದ. ಇಬ್ಬರೂ ಸೇರಿ ರತ್ನಕ್ಕನನ್ನು ಮೇಲಕ್ಕೆತ್ತಿದರು. ಅವರ ಮೊಣಕಾಲು ತರಚಿ ರಕ್ತ ಬರುತ್ತಿತ್ತು.

ಅಂಗೈಯಲ್ಲಿ ವಾಚು ಹಿಡಿದು ನಿಂತಿದ್ದ ಕೃಷ್ಣಾನಂದರು ಶ್ರೀಕಂಠನ ಮಣಿಕಟ್ಟು ತಿರುಗಿಸಿ ನೋಡಿದರು.

"ಕೊಂಡಿಯೊಳಗೆಲ್ಲ ಉಪ್ಪುನೀರು ಹೊಕ್ಕಿದೆ. ನನ್ನದಕ್ಕೆ ಹೀಗಾಗುತ್ತಿರಲಿಲ್ಲ."

"ನಿಮ್ಮದು ನೀರಿಗೆ ಬರಲೇ ಇಲ್ಲವಲ್ಲ," ಎಂದರು ರತ್ನಕ್ಕ.

ಬಸ್ಸಿನಲ್ಲಿ ಅವರು ಶ್ರೀಕಂಠನ ಹೆಂಡತಿ ಸುಮಿತ್ರಳ ಪಕ್ಕ ಕೂತರು. ಮುಂದೆ ಜಗಳವೇನೂ ಆಗಲಿಲ್ಲ. ಮನೆಯಲ್ಲಿ ಅಡುಗೆ, ಊಟ ಎಲ್ಲ ಎಂದಿನಂತೆ ನಡೆಯಿತು. ಆದರೆ ರತ್ನಕ್ಕ ಮಲಯಾಳಂ ಓದು ಬರಹ ಕಲಿತು ಶಿಶುವಿಹಾರವೊಂದರಲ್ಲಿ ಟೀಚರಾದರು. ಗಂಡನಿಗೆ ಆಲುವಕ್ಕೆ ವರ್ಗವಾದಾಗ ತಾನು ಬರುವುದಿಲ್ಲ ಎಂದುಬಿಟ್ಟರು. ತಿರುವನಂತಪುರದ ಹವೆ ಅವಳಿಗೆ ಒಗ್ಗಿದೆ ಎಂದು ಕೃಷ್ಣಾನಂದರು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಅದನ್ನು ಅವರೂ ನಂಬಿದ್ದರೆಂದು ನನ್ನ ಊಹೆ.

ಇಷ್ಟು ಕೋಪವೇ ಎಂದು ನಾನೊಮ್ಮೆ ರತ್ನಕ್ಕನನ್ನು ಕೇಳಿದ್ದುಂಟು.

"ಕೋಪವೇನಿಲ್ಲ. ಅವರು ಬಾಗಿದಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರ ಕಣ್ಣು ಆ ಲಾಕಿನ ಮೇಲಿತ್ತು."

ಒಂದೆರಡು ವರ್ಷದ ನಂತರ ಆಲುವ ಸ್ಟೇಷನ್ನಿನಲ್ಲಿ ಕೃಷ್ಣಾನಂದರು ಸಿಕ್ಕಿ ಚಹಾಕ್ಕೆ ಕರೆದರು. ತಿರುವನಂತಪುರದಿಂದಲೇ ಬರುತ್ತಿದ್ದೇನೆ ಎಂದೆ. ರತ್ನಕ್ಕ ಹೇಗಿದ್ದಾರೆಂದು ಅವರು ಕೇಳಲಿಲ್ಲ. ಶ್ರೀಕಂಠನ ಚೈನು ತುಕ್ಕು ಹಿಡಿಯಿತೇ ಎಂದು ವಿಚಾರಿಸಿದರು. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದುಬಂದೆ.