ಫಟಫಟಿಗೆ ಅಪ್ಪ ಕೊಟ್ಟ ಪಂಚಾಂಗ

ಗೆಳೆಯರೇ, ಇವತ್ತು ಬೈಲಹೊಂಗಲದ ನಮ್ಮ ಮನೆಯಲ್ಲಿ, ಪುರೋಹಿತರಾದ ಅಪ್ಪನ ಮುಂದೆ ನಾನು ಬಾಯಿಬಿಟ್ಟು ಸಿಗರೇಟು ಕೇಳಿದೆ.

"ಏನಂದಿ?" ಎಂದರು ಅಪ್ಪ.

"ಸೇದ್ಲಿಕ್ಕಲ್ಲಪ್ಪಾ. ಅದರ ಕಾಗದ ಬೇಕು."

ತಿಂಗಳಿಂದ ಪಡಸಾಲೆಯಲ್ಲಿ ಬಿಚ್ಚಿ ಹರಡಿದ್ದ ಹಳೆಯ ಫಟಫಟಿ ಬೈಕಿನ ಎಂಜಿನ್ ಜೋಡಿಸಿ ಮುಗಿದಿತ್ತು. ಆದರೆ ಕಿಡಿ ಹೊತ್ತಿಗೆ ಮುಂಚೆಯೇ ಹಾರಿ, ಕಿಕ್ ಹೊಡೆದರೆ ಅದು ತಿರುಗಿ ನನ್ನನ್ನೇ ಒದೆಯುತ್ತಿತ್ತು. ಪಿಸ್ಟನ್ನನ್ನು ಅದರ ಗುರುತಿಗೆ ತಂದು ನಿಲ್ಲಿಸಿ, ಕಿಡಿ ಹಾರಿಸುವ ಎರಡು ಪಾಯಿಂಟುಗಳ ನಡುವೆ ತೆಳುಕಾಗದ ಸಿಕ್ಕಿಸಿ, ಅವುಗಳ ತಟ್ಟೆಯನ್ನು ಮೆಲ್ಲಗೆ ಸರಿಸಬೇಕು. ಕಾಗದ ಸಡಿಲವಾದ ಜಾಗವೇ ಕಿಡಿಯ ಸರಿಯಾದ ಗಳಿಗೆ.

ಅಪ್ಪ ಒಳಗೆ ಹೋಗಿ ಹೋದ ವರ್ಷದ ಪಂಚಾಂಗದ ಒಂದು ಹಾಳೆ ಹರಿದು ತಂದರು. ಅದರ ತುದಿಯನ್ನು ತಾವೇ ಹಿಡಿದು ಕುಳಿತರು. ನಾನು ತಟ್ಟೆಯನ್ನು ಕೂದಲೆಳೆಯಷ್ಟೇ ಸರಿಸುತ್ತ ಹೋದೆ.

"ಬಿಡ್ತು," ಎಂದರು ಪಿಸುದನಿಯಲ್ಲಿ.

ಅಲ್ಲಿಗೇ ಬಿಗಿದೆ. ಒಂದೇ ಕಿಕ್ಕಿಗೆ ಎಂಜಿನ್ ಶುರುವಾಯಿತು. ಅಪ್ಪ ಹಾಳೆಯನ್ನು ಕೈಬಿಡದೆ ಎದ್ದು, ಗರ್ಭಗುಡಿಯ ಮುಂದೆ ನಿಂತ ಹಾಗೆ ನಿಂತಿದ್ದರು.

"ಮೂವತ್ತ ವರ್ಷ ಮಂದಿಗೆ ಮುಹೂರ್ತ ತಗದು ಕೊಟ್ಟೇನಿ," ಎಂದರು. "ಸರಿ ಇತ್ತೋ ಇಲ್ಲೋ ಅಂತ ಇಷ್ಟು ಲಗೂ ಯಾರೂ ಹೇಳಿಲ್ಲ ನೋಡು."